ಎಲ್ಲರ ಹಿಂದೆ ಬರುವ ವ್ಯಾನು

ಬಾಡಿಸಿದ ಬಾಳೆಎಲೆಯೊಳಗೆ ಬಿಸಿ ಅನ್ನ ಬೆವರುವ ವಾಸನೆ, ಅದರ ಜೊತೆಗೆ ಸೈಕಲ್ ಚೈನಿಗೆ ಬಿಟ್ಟ ಹರಳೆಣ್ಣೆಯ ವಾಸನೆ. ಇವೆರಡೂ ಸೇರಿದರೆ ನನಗೆ ಅಪ್ಪಯ್ಯನ ನೆನಪು. ಆಲ್ದೂರಿನ ಆಚೆಯ ಶಾಲೆಯೊಂದರಲ್ಲಿ ಅವರು ಮೇಷ್ಟರಾಗಿದ್ದರು. ದಿನಾ ಬೆಳಿಗ್ಗೆ ನನ್ನನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿ, ಅಮ್ಮ ಕಟ್ಟಿಕೊಟ್ಟ ಬುತ್ತಿಯನ್ನು ನನ್ನ ಮಡಿಲಲ್ಲಿಟ್ಟು ಹೊರಡುತ್ತಿದ್ದರು. ಬುತ್ತಿಯ ಬಿಸಿ ಲಂಗ ದಾಟಿ ತೊಡೆಗೆ ತಾಗುತ್ತಿತ್ತು. ಕಣ್ಣಿಗೆ ಕಾಣುತ್ತಿದ್ದುದು ಅಪ್ಪಯ್ಯನ ಬೆನ್ನು ಮಾತ್ರ. ಮುಂದೆ ಏನು ಬರುತ್ತಿದೆ ಎಂಬುದು ಅವರಿಗೆ ಕಾಣುತ್ತಿತ್ತು. ನನಗೆ ಕಾಣುತ್ತಿದ್ದುದು ಅದನ್ನು ದಾಟಿದ ಮೇಲೆ.

ಆಮೇಲೆ ಅಣ್ಣನ ಸೈಕಲ್ಲಿನ ಕ್ಯಾರಿಯರ್, ಮದುವೆಯಾದ ಮೇಲೆ ಯಜಮಾನರ ಸ್ಕೂಟರಿನ ಹಿಂದಿನ ಸೀಟು, ಅವರು ಹೋದ ಮೇಲೆ ಬಸ್ಸು. ನಲವತ್ತು ದಾಟಿದ ಮೇಲೆ ಸೈಕಲ್ ಕಲಿತೆನಾದರೂ ಅದು ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ. ದೂರದ ದಾರಿಯನ್ನೆಲ್ಲ ನಾನು ಯಾರದೋ ಬೆನ್ನಿನ ಹಿಂದೆ ಕೂತೇ ನೋಡಿದ್ದು. ಹಾಗಾಗಿ ಎರಡು ಸಾವಿರದ ಒಂದನೇ ಇಸವಿಯ ಜನವರಿಯಲ್ಲಿ ಮೂಡಿಗೆರೆಯಿಂದ ಕಳಸದವರೆಗೆ ಸೈಕಲ್ ಸವಾರಿ, ಯಾರು ಬೇಕಾದರೂ ಬರಬಹುದು ಎಂದು ಯುವಕ ಸಂಘದವರು ಬಸ್‌ಸ್ಟ್ಯಾಂಡಿನ ಗೋಡೆಗೆ ಕಾಗದ ಅಂಟಿಸಿದಾಗ, ಯಾರನ್ನೂ ಕೇಳದೆ ಹೋಗಿ ಹೆಸರು ಕೊಟ್ಟು ಬಂದೆ. ಕಳಸದ ಪೇಟೆಯನ್ನು ಒಂದು ಸಲ ನನ್ನದೇ ಹ್ಯಾಂಡಲ್ ಹಿಡಿದು ನೋಡಬೇಕು. ಇದ್ದ ಆಸೆ ಅಷ್ಟೇ. ಆಗ ನನಗೆ ಐವತ್ತಾರು.

ತಂಗಿಯ ಮಗಳು ಪಂಚಮಿ ಮೂಡಿಗೆರೆಯ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದಳು. ಅವಳೂ ಹೆಸರು ಕೊಟ್ಟಿದ್ದಳು. ನನ್ನ ಸುದ್ದಿ ತಿಳಿದು ಸಂಜೆಯೇ ಓಡಿ ಬಂದಳು.

"ದೊಡ್ಡಮ್ಮ, ಅದು ಶಾಲೆಗೆ ಹೋಗಿ ಬಂದ ಹಾಗಲ್ಲ ಮಾರಾಯ್ತಿ. ಗೇರ್ ಸೈಕಲ್ಲಿನವರೇ ಆ ಏರಲ್ಲಿ ನಾಲಗೆ ಹೊರಗೆ ಹಾಕ್ತಾರೆ."

"ಹಾಕ್ಲಿ. ಮೂವತ್ತು ವರ್ಷ ಪಾಠ ಮಾಡಿದ ನಾಲಗೆ ನಂದು. ಅಷ್ಟು ಸುಲಭಕ್ಕೆ ಹೊರಗೆ ಬರೋದಿಲ್ಲ."

"ಎಲ್ಲರ ಹಿಂದೆ ಒಂದು ವ್ಯಾನ್ ಬರ್ತದೆ, ಗೊತ್ತುಂಟಲ್ಲ? ಅದು ನಿಮ್ಮನ್ನ ದಾಟಿತು ಅಂದ್ರೆ ಅಲ್ಲಿಗೆ ಮುಗೀತು. ಸೈಕಲ್ ಮೇಲೆ, ನೀವು ಒಳಗೆ."

"ವ್ಯಾನಲ್ಲಿ ಕೂತು ಹೋಗೋದಾದ್ರೆ ನಾನು ಬಸ್ಸಿಗೇ ಹೋಗ್ತಿದ್ದೆ" ಎಂದೆ.

ಸವಾರಿಯ ದಿನ ಮಂಜು ಇನ್ನೂ ಮೇಲೆದ್ದಿರಲಿಲ್ಲ, ಇನ್ನೂರಕ್ಕೂ ಹೆಚ್ಚು ಸೈಕಲ್ಲುಗಳ ಗಂಟೆ ಒಟ್ಟಿಗೆ ಮೊಳಗಿತು. ಹುಡುಗರೆಲ್ಲ ಹಕ್ಕಿಗಳ ಹಾಗೆ ಹಾರಿಹೋದರು. ಪಂಚಮಿ ನನಗಾಗಿ ನಿಧಾನಿಸಿದಳಾದರೂ ಮೊದಲ ತಿರುವಿನಲ್ಲೇ ನಾನು ಕೊನೆಯವಳಾಗಿದ್ದೆ. ನನ್ನ ಹಿಂದೆ ಉಳಿದದ್ದು ವ್ಯಾನೊಂದೇ. ಅದರ ಡ್ರೈವರ್ ಬೆಳ್ಳಿಯಪ್ಪ, ಎಸ್ಟೇಟಿನ ಜೀಪು ಓಡಿಸಿ ಓಡಿಸಿ ತಾಳ್ಮೆ ಕಲಿತ ಮನುಷ್ಯ. ಬಾಯಲ್ಲಿ ಸದಾ ಎಲೆಅಡಿಕೆ.

ನಾನು ಹೆದರಿದ್ದು ಏರಿಗೆ. ನಿಜವಾದ ತೊಂದರೆ ಬಂದದ್ದು ಗೇಟುಗಳಿಂದ. ಈ ದಾರಿಯ ಶಾಲೆಗಳಲ್ಲೆಲ್ಲ ಪಾಠ ಹೇಳಿದವಳು ನಾನು. ಪ್ರತಿ ತೋಟದ ಗೇಟಿನಲ್ಲೂ ಒಬ್ಬ ಹಳೆಯ ವಿದ್ಯಾರ್ಥಿ ನಿಂತಿದ್ದ. ನಮ್ಮ ಕಡೆ ಗೇಟಿನವರೆಗೆ ಬಂದವರು ಒಳಗೆ ಬರದೆ ಹೋದರೆ ಜಗಳ ಆಗಿದೆ ಎಂದು ಅರ್ಥ. ಬಣಕಲ್ಲಿನಲ್ಲಿ ಕಾಫಿ ಆಯಿತು. ಕೊಟ್ಟಿಗೆಹಾರದಲ್ಲಿ ನೀರುದೋಸೆ, ಮತ್ತೆ ಕಾಫಿ. ಬಾಳೂರಿನ ಚಂದ್ರಶೇಖರಪ್ಪನವರ ಮನೆಯಲ್ಲಿ ಕಡುಬು ಬಡಿಸಿಯೇ ಬಿಟ್ಟಿದ್ದರು. ನಾನು ಒಳಗೆ ಹೋದಾಗೆಲ್ಲ ಬೆಳ್ಳಿಯಪ್ಪ ದಾಟಿ ಹೋಗಬೇಕಿತ್ತು. ಅವರು ಪ್ರತಿ ಸಲವೂ ಇಳಿದು ಬಾನೆಟ್ ತೆರೆದು ನಿಲ್ಲುತ್ತಿದ್ದರು.

"ಇಂಜಿನ್ ಬಿಸಿಯಾಗಿದೆ ಟೀಚರ್ರೇ."

ನಡೆದುಕೊಂಡು ಹೋಗುವಷ್ಟೇ ವೇಗ, ಮೇಲೆ ಜನವರಿಯ ಚಳಿ. ಇಂಜಿನ್ ಹೇಗೆ ಬಿಸಿಯಾಗುತ್ತದೆ? ಬಾಳೂರಿನಲ್ಲಿ ಕೇಳಿಯೇ ಬಿಟ್ಟೆ, "ಮತ್ತೆ ಬಿಸಿಯಾಯ್ತಾ ಬೆಳ್ಳಿಯಪ್ಪ?"

"ಸದ್ಯಕ್ಕೆ ಕಾಫಿ ಬಿಸಿಯಾಗಿದೆ" ಎಂದು ಲೋಟ ಎತ್ತಿ ತೋರಿಸಿದರು.

ಅಲ್ಲಿಯವರೆಗೆ ಹೇಗೋ ಜೊತೆಗಿದ್ದ ಪಂಚಮಿಯ ತಾಳ್ಮೆ ಮುಗಿಯಿತು. "ನೀವು ಸವಾರಿಗೆ ಬಂದದ್ದೋ ಮದುವೆ ಕರೀಲಿಕ್ಕೆ ಬಂದದ್ದೋ? ನಾನು ಮುಂದೆ ಹೋಗಿ ಕಳಸದಲ್ಲಿ ಸಂಘದವರನ್ನ ಹಿಡಿದು ನಿಲ್ಲಿಸ್ತೀನಿ. ನೀವು ಇನ್ನು ಎಲ್ಲೂ ಇಳೀಬೇಡಿ, ನನ್ನಾಣೆ" ಎಂದು ಹೊರಟುಹೋದಳು.

ಇಳಿಯಬಾರದೆಂದೇ ನಾನೂ ಹೊರಟೆ. ಆದರೆ ಮುಂದೆ ಜಾವಳಿ ಇತ್ತು. ಜಾವಳಿಯಲ್ಲಿ ಅಣ್ಣಮ್ಮ ಇದ್ದಳು.

ನಾನು ಸೈಕಲ್ ಕಲಿತದ್ದು ಜಾವಳಿಯ ಶಾಲೆಯ ಬಯಲಿನಲ್ಲಿ. ಪಕ್ಕದ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಅಣ್ಣಮ್ಮನ ಸಂಸಾರ. ಮಗಳು ಅರ್ಚನಾ ನನ್ನ ತರಗತಿಯಲ್ಲಿದ್ದಳು. ಸಂಜೆ ಕಾಫಿ ಹಣ್ಣು ಕೊಯ್ದು ಮುಗಿಸಿ ಬಂದ ಅಣ್ಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಕ್ಯಾರಿಯರ್ ಹಿಡಿದು ಹಿಂದೆ ಹಿಂದೆ ಓಡುತ್ತಿದ್ದಳು. ಒಂದು ಸಂಜೆ ಬಯಲಿನ ಉದ್ದಕ್ಕೂ ಅವಳೊಡನೆ ಮಾತಾಡುತ್ತಲೇ ಹೋದೆ. ಉತ್ತರ ಬರಲಿಲ್ಲವಲ್ಲ ಎಂದು ತಿರುಗಿದರೆ ಅವಳು ಆ ತುದಿಯಲ್ಲೇ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಾಳೆ. ಅಲ್ಲಿಯವರೆಗೆ ನಾನೊಬ್ಬಳೇ ಬಿಟ್ಟಿದ್ದೆ. ತಿರುಗಿ ನೋಡಿದ ಮೇಲೆಯೇ ಬಿದ್ದದ್ದು.

ಅಷ್ಟು ಸಲುಗೆಯಿದ್ದರೂ ಅವಳ ಮನೆಯ ಒಲೆಯ ಮೇಲೆ ಬೆಂದದ್ದು ಯಾವುದೂ ನನ್ನ ಕೈಗೆ ಬಂದಿರಲಿಲ್ಲ. ಬಾಳೆಗೊನೆ ಬರುತ್ತಿತ್ತು, ಕಿತ್ತಳೆ ಬರುತ್ತಿತ್ತು, ಒಡೆಯದ ತೆಂಗಿನಕಾಯಿ ಬರುತ್ತಿತ್ತು. ಭಟ್ಟರ ಮನೆಯವಳಾದ ನನಗೆ ಲೈನಿನವರು ಕೊಡಬಹುದಾದದ್ದು ಅಷ್ಟೇ ಎಂಬುದು, ಅವಳು ಕೇಳದೆ ನಾನು ಹೇಳದೆ, ಹಾಗೇ ನಡೆದುಕೊಂಡು ಬಂದಿತ್ತು.

ಸವಾರಿಯ ಹಿಂದಿನ ವಾರ ಅರ್ಚನಾ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. ಈಗ ಅವಳು ಮದುವೆಯಾಗಿ ಕಳಸದಲ್ಲಿದ್ದಾಳೆ, ತವರಿಗೆ ಹೊರಟಿದ್ದಳು. "ಸವಾರಿ ದಿನ ಮಧ್ಯಾಹ್ನದ ಹೊತ್ತಿಗೆ ನಿಮ್ಮಮ್ಮನ ಮನೆ ಹತ್ರ ಬರ್ತೀನಿ ಅಂತ ಹೇಳು" ಎಂದಿದ್ದೆ. ನಾನು ಸೈಕಲ್ ಬಿಡುವುದನ್ನು ಅಣ್ಣಮ್ಮ ನೋಡಲಿ ಎಂದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಮಧ್ಯಾಹ್ನಕ್ಕೆ ಬರುತ್ತೇನೆ ಎಂದು ಹೇಳಿ ಕಳಿಸಿದರೆ ನಮ್ಮೂರುಗಳಲ್ಲಿ ಅಕ್ಕಿ ಹಾಕು ಎಂದು ಹೇಳಿದ ಹಾಗೆ. ಇಲ್ಲೇ ಹುಟ್ಟಿ ಬೆಳೆದ ನನಗೆ ಅದು ಹೊಳೆಯಲಿಲ್ಲ. ತಲೆಯಲ್ಲಿ ಸೈಕಲ್ ಇತ್ತು, ಅನ್ನ ಇರಲಿಲ್ಲ.

ಜಾವಳಿಯ ತಿರುವಿನಲ್ಲಿ ಅಣ್ಣಮ್ಮ ನಿಂತಿದ್ದಳು. ಕೊಯ್ಲಿನ ಕಾಲದಲ್ಲಿ ಕೆಲಸಕ್ಕೆ ರಜೆ ಹಾಕಿ, ಮದುವೆಗೆ ಉಡುವ ಸೀರೆ ಉಟ್ಟು. ಹಿಂದೆ ಜಗಲಿಯ ಮೇಲೆ ಚಾಪೆ ಹಾಸಿತ್ತು, ತೊಳೆದ ಬಾಳೆಎಲೆ ಕಾಣುತ್ತಿತ್ತು. ಬಿಸಿಲು ಆಗಲೇ ವಾಲಿತ್ತು.

"ಬಂದ್ರಾ ಟೀಚರ್? ಬನ್ನಿ, ಕೈಕಾಲು ತೊಳ್ಕಳಿ" ಎಂದಳು. ಆಮೇಲೆ ದನಿ ತಗ್ಗಿಸಿ, "ಹೊಸ ಪಾತ್ರೇಲಿ ಮಾಡಿದ್ದು. ಮೀನು ಮುಟ್ಟಿಲ್ಲ ಅದಕ್ಕೆ."

ಬೆಳ್ಳಿಯಪ್ಪ ವ್ಯಾನಿನಿಂದ ಇಳಿದು ಬಂದರು. ಈ ಸಲ ಬಾನೆಟ್ ತೆರೆಯಲಿಲ್ಲ. "ಟೀಚರ್ರೇ, ಬಾಳೂರಿನ ಫೋನ್ ಬೂತಿಗೆ ಕಳಸದಿಂದ ಹೇಳಿ ಕಳಿಸಿದ್ರು. ಕತ್ತಲೆ ಆಗೋದ್ರೊಳಗೆ ವ್ಯಾನ್ ಬರ್ಬೇಕಂತೆ. ಈಗ ನೀವು ಊಟಕ್ಕೆ ಕೂತ್ರೆ ನಾನು ದಾಟದೆ ಆಗೋದಿಲ್ಲ. ತಪ್ಪು ತಿಳೀಬೇಡಿ."

ಅಣ್ಣಮ್ಮನ ಮುಖ ನೋಡಿದೆ. "ಈಗ ಕೂತ್ರೆ ನನ್ನ ಸವಾರಿ ಇಲ್ಲಿಗೇ ಮುಗೀತದೆ ಅಣ್ಣಮ್ಮ" ಎಂದೆ.

ಅವಳು ಬೇಗ ನಕ್ಕುಬಿಟ್ಟಳು. "ಇರ್ಲಿ ಬಿಡಿ ಟೀಚರ್. ನಿಮಗೆ ಕಷ್ಟ ಆಗ್ತದೆ ಅಂತ ನಾನು ಮೊದ್ಲೇ ಮಗಳ ಹತ್ರ ಅಂದಿದ್ದೆ. ಬಾಳೂರಲ್ಲಿ ಕಡುಬು ತಿಂದ್ರಂತೆ, ಮುಂದೆ ಹೋದ ಹುಡುಗಿ ಹೇಳಿದ್ಲು. ಹಸಿವೂ ಇರ್ಲಿಕ್ಕಿಲ್ಲ."

ಹಂಗಿಸಿ ಹೇಳಿದ್ದಲ್ಲ. ನನಗೆ ಮುಜುಗರವಾಗದಿರಲಿ ಎಂದು ನೆಪವನ್ನು ಅವಳೇ ಹುಡುಕಿ ಕೊಡುತ್ತಿದ್ದಳು. ಯಾವ ಕಷ್ಟವೆಂದು ಅವಳು ತಿಳಿದಿದ್ದಾಳೆ ಎಂಬುದು ಆಗ ಅರ್ಥವಾಯಿತು. ದಾರಿಯಲ್ಲಿ ದೊಡ್ಡ ಮನೆಗಳವರು ಕೊಟ್ಟದ್ದನ್ನೆಲ್ಲ ಕುಡಿದು, ತಿಂದು ಬಂದವಳು, ಲೈನ್ ಮನೆಯ ಮುಂದೆ ಮಾತ್ರ ಹೊತ್ತಾಯಿತು ಎಂದರೆ ಇನ್ನೇನು ತಿಳಿಯಬೇಕು?

ಇಳಿದೆ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದೆ. "ಬಡಿಸು ಮಾರಾಯ್ತಿ. ಕಳಸಕ್ಕೆ ವ್ಯಾನಲ್ಲೇ ಹೋಗ್ತೀನಿ" ಎಂದೆ. ನಿಜಕ್ಕೂ ಹಾಗೆಂದುಕೊಂಡೇ ಹೇಳಿದ್ದೆ. ಕಳಸ ಎಲ್ಲಿಗೂ ಓಡಿಹೋಗುವುದಿಲ್ಲ. ಬಕೆಟ್ಟಿನ ಕಡೆಗೆ ಹೋಗಿ ಕೈಗೆ ನೀರು ಹಾಕಿಕೊಂಡೆ.

ಅಣ್ಣಮ್ಮ ಸ್ವಲ್ಪ ಹೊತ್ತು ನನ್ನ ಒದ್ದೆ ಕೈಗಳನ್ನೇ ನೋಡುತ್ತ ನಿಂತಳು. ಆಮೇಲೆ ಸೈಕಲ್ಲಿನ ಹತ್ತಿರ ಹೋಗಿ ಕಾಲಿನಿಂದ ಸ್ಟ್ಯಾಂಡ್ ತೆಗೆದಳು, ರಸ್ತೆಗೆ ತಿರುಗಿಸಿದಳು.

"ಹತ್ತಿ" ಎಂದಳು.

"ಎಂತದು?"

"ಹತ್ತಿ ಅಂದೆ. ನಾನು ಸಂಜೆ ಸಂಜೆ ಅಷ್ಟು ಓಡಿದ್ದು ನೀವು ವ್ಯಾನಲ್ಲಿ ಕೂತು ಹೋಗ್ಲಿಕ್ಕಾ? ಎಲೆ ಹಾಕಿದ್ದು ಎಲ್ಲಿಗೂ ಹೋಗೋದಿಲ್ಲ. ಹತ್ತಿ ಟೀಚರ್, ಹೊತ್ತಾಯ್ತು."

ಹತ್ತಿದೆ. ಸೆರಗು ಸಿಕ್ಕಿಸಿಕೊಂಡು ಕ್ಯಾರಿಯರ್ ಹಿಡಿದು ತಳ್ಳಿದಳು. ಹತ್ತು ಹೆಜ್ಜೆ ಅವಳ ಉಸಿರು ಕೇಳಿಸಿತು, ಆಮೇಲೆ ಕೇಳಿಸಲಿಲ್ಲ. ತಿರುಗಿ ನೋಡಬೇಕೆನ್ನಿಸಿತು. ನೋಡಿದರೆ ಬೀಳುತ್ತೇನೆ ಎಂಬುದು ಹಳೆಯ ಪಾಠ. ಅವತ್ತು ಕಳಸದವರೆಗೆ ಒಂದು ಸಲವೂ ಹಿಂದೆ ತಿರುಗಲಿಲ್ಲ.

ಕೆಳಗೂರಿನ ಏರುಗಳಲ್ಲಿ ಬಾಳೂರಿನ ಕಡುಬು ಕರಗಿಹೋಯಿತು. ಆಗದ ಕಡೆ ಇಳಿದು ತಳ್ಳಿದೆ. ಒಂದು ಕಡೆ ಚೈನು ಕಳಚಿತು. ಕೂತು ಹಾಕಿಕೊಂಡೆ, ಎರಡೂ ಕೈ ಕಪ್ಪಾಯಿತು. ಮೀನಖಂಡ ಹಿಡಿದಾಗ ಮೋರಿಯ ಕಟ್ಟೆಯ ಮೇಲೆ ಕೂತು ತಿಕ್ಕಿಕೊಂಡೆ. ಹಿಂದೆ ತಿರುವಿನ ಮರೆಯಲ್ಲಿ ವ್ಯಾನಿನ ಇಂಜಿನ್ ಆಫಾಗುವುದು ಕೇಳಿಸುತ್ತಿತ್ತು. ನಾನು ಎದ್ದ ಮೇಲೆ ಅದೂ ಏಳುತ್ತಿತ್ತು. ಒಂದು ಹಾರನ್ ಇಲ್ಲ. ಇಷ್ಟು ಹೊತ್ತಾದರೂ ಬೆಳ್ಳಿಯಪ್ಪ ದಾಟುತ್ತಿಲ್ಲವಲ್ಲ, ಕಳಸದವರು ಅವರಿಗೆ ಏನು ಅನ್ನುತ್ತಾರೋ ಎಂದು ನನಗೇ ಸಂಕೋಚವಾಯಿತು.

ಹಿರೇಬೈಲಿನ ಹತ್ತಿರ ಹಣ್ಣು ಕೊಯ್ದು ಮನೆಗೆ ಹೊರಟ ಹೆಂಗಸರ ಗುಂಪೊಂದು ಎದುರಾಯಿತು. "ಇಷ್ಟು ಅವಸರದಲ್ಲಿ ಎಲ್ಲಿಗೆ ಅಜ್ಜಿ, ಗಂಡನ ಮನೆಗಾ?" ಎಂದು ಒಬ್ಬಳು ಕೂಗಿದಳು.

"ಗಂಡನ ಮನೆಗೆ ಯಾರು ಇಷ್ಟು ಅವಸರ ಮಾಡ್ತಾರೆ ಮಾರಾಯ್ತಿ?" ಎಂದೆ. ಗುಂಪಿಗೆ ಗುಂಪೇ ನಕ್ಕಿತು. ಆ ನಗು ನನ್ನನ್ನು ಮುಂದಿನ ಏರು ಹತ್ತಿಸಿತು.

ಕುದುರೆಮುಖದ ಸಾಲು ಕಪ್ಪಾಗುತ್ತಿದ್ದಾಗ ಕೊನೆಯ ತಿರುವು ಬಂತು. ಕೆಳಗೆ ಕಳಸ. ಹೆಂಚಿನ ಮಾಡುಗಳು, ಅಲ್ಲಲ್ಲಿ ಹೊತ್ತಿಕೊಂಡ ದೀಪಗಳು, ಒಲೆಗಳ ಹೊಗೆ. ಎಷ್ಟೋ ಸಲ ಬಂದ ಊರು. ಅದನ್ನು ಹೀಗೆ, ಎದುರಿಗೆ ಯಾರ ಬೆನ್ನೂ ಇಲ್ಲದೆ, ಎಂದೂ ನೋಡಿರಲಿಲ್ಲ. ಬ್ರೇಕು ಹಿಡಿಯಲೇ ಇಲ್ಲ.

ಪೇಟೆಯಲ್ಲಿ ಶಾಮಿಯಾನ ಬಿಚ್ಚುತ್ತಿದ್ದರು. ರಸ್ತೆಗೆ ಅಡ್ಡ ಕಟ್ಟಿದ್ದ ರಿಬ್ಬನ್ನಿನ ಒಂದು ತುದಿಯನ್ನು ಪಂಚಮಿ ಮುಷ್ಟಿಯಲ್ಲಿ ಹಿಡಿದು ಸಂಘದವರೊಂದಿಗೆ ಜಗಳಕ್ಕೆ ನಿಂತಿದ್ದಳು. "ವ್ಯಾನ್ ಬಂತಾ? ಬರ್ಲಿಲ್ಲ ಅಲ್ವಾ? ಹಾಗಾದ್ರೆ ಮುಗಿದಿಲ್ಲ!" ಎನ್ನುತ್ತಿದ್ದವಳು ನನ್ನನ್ನು ಕಂಡು ಮಾತು ನಿಲ್ಲಿಸಿದಳು. ರಿಬ್ಬನ್ ನನ್ನ ಎದೆಗೆ ತಾಗಿತು. ಅವಳೇ ತಬ್ಬಿ ಇಳಿಸಿದಳು.

"ಊಟ ಎಲ್ಲ ಖಾಲಿ ದೊಡ್ಡಮ್ಮ. ಪಾತ್ರೆ ತೊಳೆದು ಬೋರಲು ಹಾಕಿದ್ದಾರೆ. ಇರಿ, ಹೋಟ್ಲಲ್ಲಿ ಏನಾದ್ರೂ ಸಿಗ್ತದಾ ನೋಡ್ತೀನಿ" ಎಂದು ಓಡಿದಳು. ನಾನು ಅಂಗಡಿಯೊಂದರ ಕಟ್ಟೆಯ ಮೇಲೆ ಕೂತೆ.

ವ್ಯಾನು ಬಂದು ನಿಂತಿತು. ಬೆಳ್ಳಿಯಪ್ಪ ಇಳಿದು, ಬಾಯಿಯ ಎಲೆಅಡಿಕೆ ಉಗುಳಿ ಬಂದು ನನ್ನ ಮುಂದೆ ನಿಂತರು. "ಟೀಚರ್ರೇ, ಇವ್ರನ್ನ ಮಗಳ ಮನೆಗೆ ಬಿಡ್ತೀನಿ ಅಂತ ಹತ್ತಿಸ್ಕೊಂಡಿದ್ದೇ ತಪ್ಪಾಯ್ತು. ದಾರಿ ಉದ್ದಕ್ಕೂ ಬೈಸ್ಕೊಂಡೆ ಮಾರಾಯ್ರೆ. ಹಾರನ್ ಮುಟ್ಟಂಗಿಲ್ಲ, ಹತ್ರ ಹೋಗಂಗಿಲ್ಲ. ಟೀಚರ್ ತಿರುಗಿ ನೋಡಿದ್ರೆ ಬೀಳ್ತಾರಂತೆ!"

ವ್ಯಾನಿನ ಆ ಬದಿಯ ಬಾಗಿಲು ತೆರೆಯಿತು. ಮದುವೆಯ ಸೀರೆಯ ಸೆರಗನ್ನು ಸರಿಮಾಡಿಕೊಳ್ಳುತ್ತ ಅಣ್ಣಮ್ಮ ಇಳಿದಳು. ನನ್ನ ಪಕ್ಕ ಬಂದು ಕೂತಳು. ಬಟ್ಟೆಯ ಗಂಟೊಂದನ್ನು ಇಷ್ಟು ದೂರವೂ ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದಳು. ಗಂಟು ಬಿಚ್ಚಿದಾಗ ಬಾಡಿದ ಬಾಳೆಎಲೆಯ ವಾಸನೆ ಬಂತು.

ನಾನು ಎಣ್ಣೆ ಮೆತ್ತಿದ ಕೈಗಳನ್ನು ಸೀರೆಗೆ ಒರೆಸಿಕೊಂಡು ಮುಂದೆ ಚಾಚಿದೆ. ಅವಳು ಇನ್ನೂ ಬೆಚ್ಚಗಿದ್ದ ಬುತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕೈಗಿಟ್ಟಳು.