ಹಿಂದಿನ ದಿನವೇ ಹಾಕಿದ ಗುರುತು

೧೯೮೭ರ ಜನವರಿ. ಅಂಕೋಲೆಯ ಹತ್ತಿರದ ಶಾಲೆಯೊಂದರಲ್ಲಿ ಸಂತಾನಹರಣ ಆಪರೇಶನ್ನಿನ ಕ್ಯಾಂಪು ನಡೆದು ಎಂಟು ದಿನವಾಗಿತ್ತು. ಸುಂಕಸಾಳದ ಕೂಲಿ ಹೆಂಗಸು ಹೊನ್ನಿಯನ್ನು ಗಂಡ ಶನಿಯಾರನು ಲಾರಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ, ನರ್ಸ್ ಸುಗಂಧಾಳ ಬಳಿ ತಂದ. ಹೊಲಿಗೆಯಿಂದ ಕೀವು ಸುರಿಯುತ್ತಿತ್ತು, ಮೈ ಕೆಂಡವಾಗಿತ್ತು.

"ಬಾಯೋರೆ, ಏನೂ ಆಗೂದಿಲ್ಲ ಅಂತ ನೀವು ಹೇಳಿದ್ದಕ್ಕೇ ನಾ ಬಂದದ್ದು," ಎಂದಳು ಹೊನ್ನಿ.

ಅವಳನ್ನು ಕಾರವಾರದ ದೊಡ್ಡಾಸ್ಪತ್ರೆಗೆ ಕಳಿಸಿದವಳೇ ಸುಗಂಧಾ ಕ್ಯಾಂಪಿನ ಫಾರ್ಮುಗಳ ಕಟ್ಟು ಹಿಡಿದು, ಆಪರೇಶನ್ ಮಾಡಿದ ಡಾಕ್ಟರರ ಕೋಣೆಗೆ ನುಗ್ಗಿದಳು.

"ಹೊಟ್ಟೆಗೆ ತೂರಿಸೋ ದುರ್ಬೀನು ಪ್ರತಿಸಲ ಇಪ್ಪತ್ತು ನಿಮಿಷ ಔಷಧದ ನೀರಲ್ಲಿ ಮುಳುಗಿರ್ಬೇಕು ಅಂತ ಇದ್ರಲ್ಲೇ ಬರ್ದದೆ. ಇದ್ದದ್ದು ಒಂದೇ ದುರ್ಬೀನು. ನಲವತ್ತೆರಡು ಹೆಂಗಸ್ರನ್ನ ಊಟದ ಹೊತ್ತಿಗೇ ಹ್ಯಾಂಗೆ ಮುಗಿಸಿದ್ರಿ?"

ಡಾಕ್ಟರರು ತಲೆಯೆತ್ತಲೂ ಇಲ್ಲ. "ಫಾರ್ಮಿನಲ್ಲಿ ಎಲ್ಲ ಸರಿ ಇದೆಯಲ್ಲ? 'ತೊಂದರೆ ಇಲ್ಲ' ಅಂತ ವರದಿ ಕಳಿಸು. ಅತಿ ಹೆಚ್ಚು ಆಪರೇಶನ್ನಿಗೆ ಕೊಡುವ ಢಾಲು ಹೋದ ವರ್ಷ ನಮಗೇ ಬಂದದ್ದು."

ಸುಗಂಧಾಳಿಗೆ ಮೈಯೆಲ್ಲ ಉರಿಯಿತು. ಅವರ ಮುಖಕ್ಕೆ ಹಿಡಿಯಲೆಂದು ಹೊನ್ನಿಯ ಹಾಳೆ ಎಳೆದಳು. ಉಪಕರಣ ಶುದ್ಧಿ: ಸರಿ. ರಕ್ತದೊತ್ತಡ: ಸರಿ. ಆಪರೇಶನ್ ನಂತರ ಆರೋಗ್ಯ: ಸರಿ. ಅಷ್ಟೂ ಗುರುತು ಸುಗಂಧಾಳ ಕೈಯವೇ. ಕ್ಯಾಂಪಿನ ದಿನ ಗಡಿಬಿಡಿ ಬೇಡವೆಂದು, ಹೊನ್ನಿ ಇನ್ನೂ ಸುಂಕಸಾಳದ ಗದ್ದೆಯಲ್ಲಿದ್ದಾಗಲೇ, ಹಿಂದಿನ ದಿನ ಮಧ್ಯಾಹ್ನ ಚಹಾ ಕುಡಿಯುತ್ತ ಹಾಕಿದ್ದಳು.

"ಬುಧವಾರ ಇನ್ನೊಂದು ಕ್ಯಾಂಪು," ಎಂದರು ಡಾಕ್ಟರರು. "ಖಾಲಿ ಫಾರ್ಮು ಅಲ್ಲಿವೆ, ಇವತ್ತೇ ತುಂಬಿಬಿಡು."

ಸುಗಂಧಾ ಪೆನ್ನು ತೆಗೆದಳು. ವರದಿಯಲ್ಲಿ 'ತೊಂದರೆ' ಎಂಬಲ್ಲಿ ಹೊನ್ನಿಯ ಹೆಸರು ಬರೆದಳು. 'ಕಾರಣ' ಎಂಬಲ್ಲಿ ಮೊದಲು ತನ್ನ ಹೆಸರು, ಅದರ ಕೆಳಗೆ ಡಾಕ್ಟರರದು.