ಅಮ್ಮ ಅಂತಾನ ಬರೀರಿ

ಚಿದಾನಂದಪ್ಪನವರು ಎತ್ತಿದ ಹೊದಿಕೆಯನ್ನು ಕೆಳಗೆ ಬಿಡಲಿಲ್ಲ. ಕಿಟಕಿಯ ಬೆಳಕು ಬೀಳುವಂತೆ ಇನ್ನಷ್ಟು ಸರಿಸಿ, ಬಾಳೆಲೆಗಳ ಮೇಲೆ ಬೋರಲಾಗಿ ಮಲಗಿದ್ದ ತಿಪ್ಪೇರುದ್ರಪ್ಪನ ಬೆನ್ನನ್ನು ನೋಡುತ್ತಲೇ ಇದ್ದರು. ಸಿಡುಬು ಬಾರದಂತೆ ದಾಕು ಹಾಕುತ್ತ ಸಿರುಗುಪ್ಪ ತಾಲ್ಲೂಕಿನ ಊರೂರು ತಿರುಗಿ ಅವರಿಗೆ ಹತ್ತೊಂಬತ್ತು ವರ್ಷವಾಗಿತ್ತು. ಸಿಡುಬಿನ ಗುಳ್ಳೆಯನ್ನು ಕಣ್ಣು ಮುಚ್ಚಿ ಮುಟ್ಟಿ ಹೇಳಬಲ್ಲವರು. ಇವು ಆ ಜಾತಿಯವಲ್ಲ. ನಿಂಬೆಹಣ್ಣಿನ ಗಾತ್ರ, ಸಡಿಲವಾದ ತೊಗಲು, ಒಳಗೆ ನೀರು. ಒಡೆದ ಕಡೆಯೆಲ್ಲ ಹಸಿ ಮಾಂಸ ಕಾಣುತ್ತಿತ್ತು.

“ಮೊದಲು ಎಲ್ಲಿ ಎದ್ದವು?”

“ಬಾಯಾಗ್ರಿ,” ಎಂದಳು ಹೆಂಡತಿ ಕೊಟ್ರಮ್ಮ. “ಯುಗಾದಿ ಸುಮಾರಿಗೆ. ಖಾರ ತಿನ್ನಾಕ ಆಗವಲ್ದು ಅಂತಿದ್ರು. ಆಮ್ಯಾಲೆ ಎದಿಗೆ ಬಂದ್ವು, ಬೆನ್ನಿಗೆ ಬಂದ್ವು.”

ರೋಗಿಯ ತೋಳಿನಲ್ಲಿ ದಾಕಿನ ಎರಡು ಕಲೆಗಳಿದ್ದವು. ಚಿದಾನಂದಪ್ಪನವರೇ ಹಾಕಿದ್ದು. ಅವರು ಅಂಗಳಕ್ಕೆ ಬಂದು ದನಿ ತಗ್ಗಿಸಿದರು. “ತಂಗೆವ್ವಾ, ಇದು ಅಮ್ಮ ಅಲ್ಲ.”

“ಮತ್ತ ಏನ್ರಿ?”

“ಅದು ನನಗ ತಿಳೀವಲ್ದು. ಬಳ್ಳಾರಿಗೆ ಒಯ್ಯಬೇಕು.”

ಕೊಟ್ರಮ್ಮ ತನ್ನ ಹಿಂದಿನ ಬಾಗಿಲು ಎಳೆದುಕೊಂಡಳು. “ಅಮ್ಮ ಅಲ್ಲಂದ್ರ ಮಂದಿ ದೊಡ್ಡ ರೋಗ ಅಂತಾರ್ರಿ. ಊರ ಹೊರಗ ಹಾಕ್ತಾರ. ಅಮ್ಮ ಅಂತಾನ ಬರೀರಿ, ನಿಮ್ಮ ಕಾಲು ಹಿಡೀತೀನಿ.”

ಅವಳೇನೂ ಸುಮ್ಮನೆ ಹೆದರಿದವಳಲ್ಲ. ಎರಡು ವರ್ಷದ ಹಿಂದೆ ಕುಷ್ಠ ತಗುಲಿ ಉಚ್ಚೆಂಗೆಪ್ಪನ ಬೆರಳುಗಳು ಸೊಟ್ಟಗಾದಾಗ ಹೊಳೆ ದಂಡೆಯಲ್ಲಿ ಅವನಿಗೊಂದು ಗುಡಿಸಲು ಹಾಕಿಕೊಟ್ಟವರು ಇದೇ ಓಣಿಯವರು. ದಿನಾ ಅನ್ನ ಇಟ್ಟು ಬರುತ್ತಿದ್ದರು. ಮಳೆಗಾಲ ಬಂದ ಮೇಲೆ ಅದೂ ನಿಂತಿತು. ಅವನು ಯಾವ ದಿನ ಸತ್ತ ಎಂದು ಯಾರಿಗೂ ಗೊತ್ತಿಲ್ಲ. ಅಮ್ಮ ಬಂದ ಮನೆಯ ಮಾತೇ ಬೇರೆ. ಬಾಗಿಲಿಗೆ ಬೇವು ಕಟ್ಟುತ್ತಾರೆ, ಓಣಿಯಲ್ಲೆಲ್ಲ ಒಗ್ಗರಣೆ ನಿಲ್ಲಿಸುತ್ತಾರೆ, ಮೊಸರು ತಂದಿಟ್ಟು ಹೊಸ್ತಿಲಿಗೆ ಕೈ ಮುಗಿಯುತ್ತಾರೆ. ರೋಗ ಒಂದೇ ಇದ್ದರೂ ಹೆಸರಿಗೆ ತಕ್ಕ ಮರ್ಯಾದೆ.

ಚಿದಾನಂದಪ್ಪನವರು ಚೀಲದಿಂದ ಪುಸ್ತಕ ತೆಗೆದು, ಸಿಡುಬು ಎಂದು ಬರೆದು, ಅವಳ ಮುಖ ನೋಡದೆ ಹೊರಟುಹೋದರು.

ಬಟ್ಟೆ ಹಾಸಿದರೆ ಮೈಗೆ ಅಂಟಿ, ಬಿಡಿಸುವಾಗ ತೊಗಲೂ ಬರುತ್ತಿತ್ತು. ಅದಕ್ಕೆ ಕೊಟ್ರಮ್ಮ ದಿನಾ ಬೆಳಿಗ್ಗೆ ತೋಟದಿಂದ ಎಳೆಯ ಬಾಳೆಲೆ ಕೊಯ್ದು ತಂದು, ಒರೆಸಿ ಹಾಸುತ್ತಿದ್ದಳು. ಮಗ್ಗುಲು ಮನೆಯ ಈರಮ್ಮ ಮೊಸರಿನ ಗಡಿಗೆ ಇಟ್ಟು, “ತಾಯಿ ತಣ್ಣಗಾಗ್ಲಿ,” ಎಂದು ಹೋಗುತ್ತಿದ್ದಳು. ಮೂರು ವಾರ ಹೀಗೆ ನಡೆಯಿತು. ಅಮ್ಮನಾದರೆ ಮೂರು ವಾರಕ್ಕೆ ಹೊರಡಬೇಕು. ನಾಲ್ಕನೆಯ ವಾರ ತೊಡೆಯ ಮೇಲೆ ಹೊಸ ಗುಳ್ಳೆಗಳು ಎದ್ದವು. ಈರಮ್ಮನೊಬ್ಬಳನ್ನು ಬಿಟ್ಟು ಮೊಸರು ತರುವವರು ನಿಂತರು.

ಐದನೆಯ ವಾರ ಓಣಿಯ ಹಿರಿಯ ಹಂಪಯ್ಯ ಬಂದು ಕಟ್ಟೆಯಿಂದ ಮಾರು ದೂರದಲ್ಲೇ ನಿಂತ. “ಮುಂದಿನ ಮಂಗಳವಾರ ಅಮ್ಮನ್ನ ಸೀಮಿ ದಾಟಿಸಿ ಕಳಿಸೋಣವ್ವಾ.”

“ಮೈಮ್ಯಾಲೆ ಇನ್ನೂ ಏಳಾಕತ್ಯಾವಲ್ರಿ.”

“ಅದಕ್ಕ ಹೇಳಾಕತ್ತೀನಿ. ನಾವು ಕಳಸದಿದ್ರ ಆಕಿ ಹೊಂಡಾಂಗಿಲ್ಲ.” ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳು ಎದುರು ಮಾತಾಡುತ್ತಿದ್ದಳು.

ಅವಳು ಕಾಯಲಿಲ್ಲ. ಶುಕ್ರವಾರ ನಸುಕಿನಲ್ಲೇ ಎಮ್ಮೆಗೆ ನೀರು ಕುಡಿಸಲು ಹೇಳಿ ಮನೆಯ ಕೀಲಿ ಈರಮ್ಮನ ಕೈಗಿಟ್ಟು, ಹುಲುಗಪ್ಪನ ಬಂಡಿಯಲ್ಲಿ ಗಂಡನನ್ನು ಮಲಗಿಸಿಕೊಂಡು ಬಳ್ಳಾರಿಗೆ ಹೊರಟಳು. ಬಸ್ಸಿನವರು ಹತ್ತಿಸಿಕೊಳ್ಳುವ ಮಾತೇ ಇರಲಿಲ್ಲ. ಹುಲುಗಪ್ಪನ ಮುಖದ ತುಂಬ ಸಿಡುಬಿನ ಕಲೆ. “ನನಗ ಒಮ್ಮಿ ಬಂದು ಹೋಗೇತಿ, ಮತ್ತ ಬರಾಂಗಿಲ್ಲ,” ಎಂದು ಅವನೊಬ್ಬ ಒಪ್ಪಿದ್ದ. ದಾರಿಯಲ್ಲಿ ಕುರುಗೋಡಿನಲ್ಲಿ ಅವಳ ತವರು. ಅಣ್ಣ ಬುತ್ತಿಯನ್ನು ಒಂದು ಕಲ್ಲಿನ ಮೇಲಿಟ್ಟು ಹಿಂದೆ ಸರಿದು ನಿಂತ. ಅವಳಿಗೆ ಅಳು ಬಂದರೂ ಬುತ್ತಿ ತೆಗೆದುಕೊಂಡಳು.

ಬಳ್ಳಾರಿಯ ಡಾಕ್ಟರು ವಯಸ್ಸಾದವರು, ಅವರ ಕನ್ನಡದಲ್ಲಿ ತೆಲುಗು ಬೆರೆತಿತ್ತು. ಗುಳ್ಳೆಯನ್ನು ಬಿಟ್ಟು ಪಕ್ಕದ ಒಳ್ಳೆಯ ಚರ್ಮದ ಮೇಲೆ ಹೆಬ್ಬೆರಳು ಊರಿ ಮೆಲ್ಲಗೆ ತಳ್ಳಿದರು. ಸುಟ್ಟ ಬದನೆಕಾಯಿಯ ಸಿಪ್ಪೆಯಂತೆ ಅದು ಬೆರಳಿನ ಜೊತೆಗೇ ಸರಿದು ಬಂತು. ಕೊಟ್ರಮ್ಮ ಸೆರಗು ಕಚ್ಚಿಕೊಂಡಳು.

“ಇದು ಸಿಡುಬು ಕಾದಮ್ಮಾ, ಅಲ್ಲ. ಕುಷ್ಠಾನೂ ಅಲ್ಲ. ಅಂಟೋದಿಲ್ಲ. ಇಷ್ಟು ದಿನ ನೀನು ಮುಟ್ಟಿದ್ದೀಯಲ್ಲ, ನಿನಗೇನಾಯ್ತು?”

ಅಂಟೋದಿಲ್ಲ ಎಂಬ ಒಂದು ಮಾತಿಗೆ ಅವಳ ಎದೆ ಹಗುರಾಯಿತು. ಉಳಿದದ್ದು ಕಿವಿಗೆ ಬೀಳಲು ಸ್ವಲ್ಪ ಹೊತ್ತು ಬೇಕಾಯಿತು. ಅಮೆರಿಕಾದಲ್ಲಿ ಹೊಸ ಔಷಧ ಬಂದಿದೆ, ಮದರಾಸಿಗೆ ಬರೆಯುತ್ತೇನೆ, ಉತ್ತರಕ್ಕೆ ತಿಂಗಳಾದರೂ ಬೇಕು, ಅಲ್ಲಿಯವರೆಗೆ ಮನೆಯಲ್ಲಿ ಶುಚಿಯಾಗಿ ನೋಡಿಕೊಳ್ಳಬೇಕು ಎನ್ನುತ್ತಿದ್ದರು. “ನನ್ನ ಸರ್ವೀಸಿನಲ್ಲಿ ಇದು ಮೂರನೇ ಕೇಸು.”

“ಆ ಇಬ್ಬರು ಹೆಂಗದಾರ್ರಿ?”

ಡಾಕ್ಟರು ಕೈ ತೊಳೆಯಲು ಎದ್ದುಹೋದರು. ತಿರುಗಿ ಬಂದು ಚೀಟಿ ಬರೆಯತೊಡಗಿದಾಗ ಅವಳು, “ಕನ್ನಡದಾಗ ಬರೀರಿ. ಹಂಪಯ್ಯಾರು ಓದಬೇಕು,” ಎಂದಳು. ಅವರು ತುಸು ನಕ್ಕು, ಇದು ಅಂಟುರೋಗವಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆದು ಮೊಹರು ಒತ್ತಿಕೊಟ್ಟರು. ದಾರಿಯುದ್ದಕ್ಕೂ ಅವಳು ಆ ಚೀಟಿಯನ್ನು ಕುಪ್ಪಸದೊಳಗೆ ಹತ್ತು ಸಲ ಮುಟ್ಟಿ ನೋಡಿಕೊಂಡಳು.

ಬುಧವಾರ ಮಧ್ಯಾಹ್ನ ಕೆಂಚನಗುಡ್ಡದ ದಾರಿ ಬಿಟ್ಟು ತಮ್ಮ ಊರಿನ ಸೀಮೆ ಕಲ್ಲಿನ ಹತ್ತಿರ ಬಂದಾಗ ಹುಲುಗಪ್ಪ ಬಂಡಿ ನಿಲ್ಲಿಸಿದ. ಕಲ್ಲಿನ ಈಚೆಗೆ ದಾರಿಗೆ ಅಡ್ಡವಾಗಿ ಒಂದು ಮೊರ ಇತ್ತು. ಅದರಲ್ಲಿ ಬೇವಿನಸೊಪ್ಪು, ಅರಿಶಿಣ, ಹಳಸಿದ ಮೊಸರನ್ನ. ಪಕ್ಕದಲ್ಲಿ ತಿಪ್ಪೇರುದ್ರಪ್ಪನ ಎರಡು ಧೋತ್ರ, ಹಬ್ಬಕ್ಕೆ ಸುತ್ತುವ ರುಮಾಲು, ಉಣ್ಣುವ ತಾಟು. ಧೋತ್ರಗಳನ್ನು ಅಂಚಿಗೆ ಅಂಚು ಸೇರಿಸಿ ಮಡಚಿದ್ದರು. ಮಡಿಕೆ ಈರಮ್ಮನದೇ ಎಂದು ಕೊಟ್ರಮ್ಮನಿಗೆ ಗೊತ್ತಾಯಿತು.

“ನಿನ್ನೆ ಕಳಿಸ್ಯಾರಕ್ಕ,” ಎಂದ ಹುಲುಗಪ್ಪ. “ಅಮ್ಮನ ಸಂಗಾಟ ಸೀಮಿ ದಾಟಿದ್ದು ಮತ್ತ ಒಳಗ ಬರಬಾರದು. ಸಾಮಾನಾಗ್ಲಿ, ಮನಷಾ ಆಗ್ಲಿ. ನನ್ನ ಎತ್ತು ದಾಟಿಸಿದ್ರ ನನ್ನೂ ಊರಾಗ ಇಡಾಂಗಿಲ್ಲ.”

“ಚೀಟಿ ಐತಲ್ಲೋ. ಅಂಟಾಂಗಿಲ್ಲ ಅಂತ ಬರದಾರ.”

“ಅಂಟು ಅಂತ ಯಾರಂದ್ರು? ಅಮ್ಮ ಅಂತ ನೀನಾ ಅಂದಿದ್ದಿ.”

ಊರು ಕೂಗಳತೆಯಲ್ಲಿತ್ತು. ತಿಂಗಳ ಮೇಲಾಗಿತ್ತು ಆ ಓಣಿಯಲ್ಲಿ ಯಾರೂ ಒಗ್ಗರಣೆ ಹಾಕಿ. ಇವತ್ತು ಮನೆಮನೆಯಲ್ಲೂ ಎಣ್ಣೆ ಕಾದಿರಬೇಕು; ಗಾಳಿಗೆ ಬೆಳ್ಳುಳ್ಳಿಯ ಘಮ ಸೀಮೆ ಕಲ್ಲಿನವರೆಗೂ ಬರುತ್ತಿತ್ತು.

ಬಂಡಿಯೊಳಗೆ ಕಣ್ಣು ಮುಚ್ಚಿ ಮಲಗಿದ್ದ ತಿಪ್ಪೇರುದ್ರಪ್ಪ ತುಟಿ ಅಲುಗಿಸಿದ. “ಕೊಟ್ರೀ, ಒಗ್ಗರಣಿ ವಾಸನಿ ಬರಾಕತ್ತೈತಿ. ಊರು ಬಂತೇನ?”

“ಇನ್ನೂ ಇಲ್ರಿ,” ಎಂದಳು ಅವಳು. “ದೂರ ಐತಿ. ಮಕ್ಕೊಳ್ರಿ.”