ಮದ್ದು ಬಿಟ್ಟ ಕಣ್ಣಿನಲ್ಲಿ ಬೆಳ್ಳಾರೆಗೆ

ಪುತ್ತೂರಿನಿಂದ ಬೆಳ್ಳಾರೆಗೆ ಎರಡೂ ಕಣ್ಣು ಮುಚ್ಚಿಕೊಂಡೇ ಜೀಪು ಬಿಟ್ಟವನು ಮೂರು ಲೋಕದಲ್ಲಿ ಒಬ್ಬನೇ: ಸರ್ವಿಸ್ ಜೀಪಿನ ಹಸನಬ್ಬ. ಅವನು ಬರುವುದು ಕಂಡರೆ ತಿರುವುಗಳೇ ಹೆದರಿ ನೆಟ್ಟಗಾಗುತ್ತಿದ್ದವು.

ಎಂಬತ್ತೆರಡರ ಬೇಸಗೆ. ಪುತ್ತೂರಿನ ಕಣ್ಣಿನ ಡಾಕ್ಟರು ಅವನ ಕಣ್ಣಿಗೆ ಮದ್ದು ಬಿಟ್ಟು, ಪಾಪೆ ಅಗಲವಾದ ಮೇಲೆ ಒಳಗೆಲ್ಲ ಬೆಳಕು ಹಾಕಿ ನೋಡಿ, "ಸಂಜೆವರೆಗೆ ಬಿಸಿಲಿಗೆ ಕಣ್ಣು ಕುಕ್ಕುತ್ತದೆ, ಹತ್ತಿರದ್ದು ಮಸುಕು. ಗಾಡಿ ಬಿಡ್ಲೇಬೇಡಿ," ಎಂದರು. ಹಸನಬ್ಬ ತಲೆಯಾಡಿಸಿದ. ಆದರೆ ಸ್ಟ್ಯಾಂಡಿನಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಹೊರಟ ಮಗಳು ಲೈಲಾ ಕಾಯುತ್ತಿದ್ದಳು. ಜೀಪಿನಲ್ಲಿ ಆಗಲೇ ನಲವತ್ತು ಜನ. ಎಣಿಸಿದರೆ ಹದಿನೈದು ಇದ್ದೀತು. ಕಣ್ಣು ಸರಿಯಿಲ್ಲವೆಂದು ಒಮ್ಮೆ ಬಾಯಿಬಿಟ್ಟರೆ ನಾಳೆಯಿಂದ ಅವನ ಜೀಪು ಹತ್ತುವವರು ಯಾರು?

ಲೈಲಾ ಎಡಗಡೆ ಕೂತಳು. ಸರ್ವಿಸ್ ಜೀಪಿನ ಪದ್ಧತಿಯಂತೆ ಡ್ರೈವರನ ಬಲಕ್ಕೂ ಒಬ್ಬ, ಅರ್ಧ ಮೈ ಹೊರಗೆ: ದಿನಾ ಬರುವ ಕೂಸಪ್ಪ.

ಪೇಟೆ ದಾಟಿದ್ದೇ ತಡ, ಬಿಸಿಲು ಕಾದ ಎಣ್ಣೆ ಎರಚಿದಂತೆ ಕಣ್ಣಿಗೆ ಬಿತ್ತು. ಡಾಮರು ಬೆಳ್ಳಗೆ ಉರಿಯಿತು. ಮರದ ನೆರಳಿನಲ್ಲಿ ಸಿಕ್ಕಿದ ರಸ್ತೆ ನೆರಳು ಮುಗಿದಲ್ಲಿ ಮಾಯ.

"ಎಂತ ಮಾರಾಯ್ರೆ, ಆಮೆಯ ಹಾಗೆ ಹೋಗುದು?" ಎಂದ ಕೂಸಪ್ಪ.

"ಬಸುರಿ ಉಂಟಲ್ಲ ಮಾರಾಯ."

"ಬಾಪ, ಕಣ್ಣಲ್ಲಿ ನೀರು ಯಾಕೆ?" ಲೈಲಾ ಬಗ್ಗಿ ನೋಡಿದಳು.

"ಧೂಳು."

ಕುಂಬ್ರ ಕಳೆದು ಇಳಿಜಾರಿನ ತಿರುವಿನಲ್ಲಿ ಎದುರಿಗೆ ಏನೋ ಝಗ್ಗೆಂದಿತು. ಬಸ್ಸಿನ ಗಾಜು! ಆ ಹೊಳಪಿನಲ್ಲಿ ರಸ್ತೆ, ಚರಂಡಿ, ಆಕಾಶ ಎಲ್ಲ ಒಂದೇ ಆಯಿತು. ಹಾರ್ನು ಮೈಮೇಲೆ ಬಂತು. ಲೈಲಾ ಎರಡೂ ಕೈಯಲ್ಲಿ ಹೊಟ್ಟೆ ತಬ್ಬಿಕೊಂಡಳು. ಆಗ ಹಸನಬ್ಬ ರೆಪ್ಪೆ ಮುಚ್ಚಿದ, ಹಾರ್ನಿನ ಸದ್ದಿನಲ್ಲೇ ಬಸ್ಸಿನ ಅಗಲ ಅಳೆದ, ಜೀಪನ್ನು ಎರಡು ಚಕ್ರದ ಮೇಲೆ ಎಬ್ಬಿಸಿ ನೀರುದೋಸೆಯಷ್ಟು ಸಂದಿನಲ್ಲಿ ನುಗ್ಗಿಸಿ...

"ಅದೆಲ್ಲ ಆಯ್ತು. ಜೀಪು ಎಲ್ಲಿ?"

ಕೇಳಿದವನು ಬೆಳ್ಳಾರೆಯ ಚಾದಂಗಡಿಯ ಅಚ್ಚುತ. ಇಷ್ಟು ಹೊತ್ತು ಈ ಕತೆಯನ್ನು ಹಸನಬ್ಬನ ಬಾಯಿಂದ ಕೇಳುತ್ತ ನಿಂತಿದ್ದ. "ನೀವಿಬ್ರು ಈಗ ಬಸ್ಸಿಂದ ಇಳಿದದ್ದು ನಾನು ನೋಡ್ಲಿಲ್ವಾ?"

ಬೆಂಚಿನಲ್ಲಿ ಗೋಡೆಗೆ ಒರಗಿದ್ದ ಲೈಲಾ, "ಹೇಳಿ ಬಾಪ," ಎಂದಳು. ಅವಳ ಒಂದು ಕೈ ಇನ್ನೂ ಹೊಟ್ಟೆಯ ಮೇಲೇ ಇತ್ತು.

ಹಸನಬ್ಬ ಮುಟ್ಟದ ಚಾವನ್ನು ಪಕ್ಕಕ್ಕೆ ಸರಿಸಿದ.

"ಜೀಪು ಚರಂಡಿಯಲ್ಲುಂಟು. ಸ್ಟೇರಿಂಗ್ ಎಳೆದದ್ದು ಕೂಸಪ್ಪ. ನಾನು ಬ್ರೇಕ್ ಸಹ ತುಳೀಲಿಲ್ಲ ಅಚ್ಚುತ, ನನಗೆ ಬಸ್ಸು ಕಾಣ್ಲೇ ಇಲ್ಲ. ಡಾಕ್ಟರು ಗಾಡಿ ಬಿಡ್ಬೇಡಿ ಅಂದಿದ್ರು. ಇವಳನ್ನು ಕೂರಿಸುವಾಗ್ಲೂ ನಾನು ಬಾಯಿ ಬಿಡ್ಲಿಲ್ಲ."